ಇನ್ನೂರನೆಯ ಮೆಟ್ಟಿಲು, ಮೂಗಿನ ಮೇಲೆ ಮಾಸ್ಕ್

(ಮೈಸೂರಿನಲ್ಲಿ ಬೆಳಗಿನ ನಡಿಗೆಯವರ ಮುಂದೆ ಆಡಿದ ಮಾತುಗಳ ಬರಹ ರೂಪ)

ಮೊದಲು ನನ್ನದೇ ಒಂದು ಪೆದ್ದುತನವನ್ನು ಹೇಳಿಬಿಡುತ್ತೇನೆ. ಇಪ್ಪತ್ತು ವರ್ಷದಿಂದ ಫಿಸಿಯೋಥೆರಪಿ ನನ್ನ ಕಸುಬು. ನ್ಯುಮೋನಿಯಾ, ಕ್ಷಯ, ಉಬ್ಬಸದಿಂದ ಎದ್ದು ಬಂದವರನ್ನು ಮತ್ತೆ ನಡೆಯುವಂತೆ ಮಾಡುವುದು ನನ್ನ ದಿನದ ಕೆಲಸ. ಎರಡು ವರ್ಷದ ಹಿಂದೆ ನನಗೇ ಫ್ಲೂ ಬಂತು, ಅದು ನ್ಯುಮೋನಿಯಾಕ್ಕೆ ತಿರುಗಿತು, ಐದು ದಿನ ಆಸ್ಪತ್ರೆಯಲ್ಲಿ ಮಲಗಿದೆ. ಜ್ವರ ಬಿಟ್ಟು ಎರಡು ವಾರವಾಗಿತ್ತು, ಕೆಮ್ಮು ಮಾತ್ರ ಉಳಿದಿತ್ತು. ಮನೆಯಲ್ಲಿ ಕುಳಿತು ಸಾಕಾಗಿ ಒಂದು ಭಾನುವಾರ ಬೆಳಿಗ್ಗೆ ಚಾಮುಂಡಿ ಬೆಟ್ಟದ ಪಾದಕ್ಕೆ ಹೋಗಿ ನಿಂತೆ. ಅಲ್ಲಿನ ಜನಸಂದಣಿ ನೋಡಿ ಹೆದರಿಕೆಯಾಯಿತು. ಎನ್-95 ಮಾಸ್ಕ್ ತೆಗೆದು ಬಿಗಿಯಾಗಿ ಕಟ್ಟಿಕೊಂಡು ಹೊರಟೆ.

ಮೊದಲ ನೂರು ಮೆಟ್ಟಿಲನ್ನು ಹಳೆಯ ಹುಮ್ಮಸ್ಸು ಹತ್ತಿಸಿತು. ನೂರೈವತ್ತಕ್ಕೆ ಮಾಸ್ಕಿನ ಒಳಗೆ ಮಳೆಗಾಲ. ಇನ್ನೂರರ ಹೊತ್ತಿಗೆ ಕಣ್ಣಿನ ಅಂಚು ಕಪ್ಪಾಗತೊಡಗಿತು. ಅಲ್ಲೇ ಪಕ್ಕಕ್ಕೆ ಸರಿದು ಕುಳಿತುಬಿಟ್ಟೆ.

ಕೆಳಗಿನಿಂದ ಒಬ್ಬ ಹೆಂಗಸು ಬರುತ್ತಿದ್ದರು. ಅರವತ್ತು ದಾಟಿರಬೇಕು. ಹರಕೆ ಹೊತ್ತವರು, ಪ್ರತಿ ಮೆಟ್ಟಿಲಿಗೂ ಅರಿಸಿನ ಕುಂಕುಮ ಹಚ್ಚುತ್ತಿದ್ದರು. ಬಗ್ಗುವುದು, ಬೆರಳಿನಿಂದ ಹಚ್ಚುವುದು, ಏಳುವುದು, ಒಂದು ಮೆಟ್ಟಿಲು ಮೇಲೆ ಬರುವುದು. ಹಾಗೇ ಬಂದು ನನ್ನನ್ನು ದಾಟಿದರು. ದಾಟುವಾಗ ಒಂದು ಕ್ಷಣ ನಿಂತು, "ಅದನ್ನು ಬಿಚ್ಚಿ ಕೂತುಕೋ ತಾಯಿ, ಮುಖಕ್ಕೆ ಗಾಳಿಯಾಡಲಿ" ಎಂದರು.

ನಾನು ಬಿಚ್ಚುವ ಮೊದಲು, ಅಭ್ಯಾಸಬಲ ನೋಡಿ, ಜೇಬಿನಲ್ಲಿದ್ದ ಆಕ್ಸಿಮೀಟರನ್ನು ಬೆರಳಿಗೆ ಸಿಕ್ಕಿಸಿದೆ. ಆಮ್ಲಜನಕ 94. ನಾಡಿ 152. ನೀವೇ ಹೇಳಿ, 94 ಅಷ್ಟೇನೂ ಕೆಟ್ಟದ್ದಲ್ಲ. ಆಮ್ಲಜನಕ ಸಾಲದೆ ಕಣ್ಣು ಕಪ್ಪಾಯಿತು ಎನ್ನುವಂತಿರಲಿಲ್ಲ. ಆದರೂ ಮಾಸ್ಕ್ ಬಿಚ್ಚಿದ ಎರಡು ನಿಮಿಷದಲ್ಲಿ ಹೋದ ಜೀವ ಬಂದಂತಾಯಿತು. ಹಾಗಾದರೆ ತಪ್ಪು ಮಾಸ್ಕಿನದೋ, ನನ್ನದೋ? ಇವತ್ತು ಮಾತನಾಡಲು ಕರೆದಾಗ ನನ್ನ ತಲೆಯಲ್ಲಿದ್ದದ್ದು ಈ ಪ್ರಶ್ನೆ.

ಸ್ವಲ್ಪ ಲೆಕ್ಕ ನೋಡೋಣ. ಸುಮ್ಮನೆ ಕುಳಿತಿರುವ ನೀವು ನಿಮಿಷಕ್ಕೆ ಸುಮಾರು ಆರು ಲೀಟರ್ ಗಾಳಿಯನ್ನು ಎಳೆದು ಬಿಡುತ್ತಿದ್ದೀರಿ. ಚುರುಕಾಗಿ ನಡೆದರೆ ಅದು ಮೂರು ನಾಲ್ಕು ಪಟ್ಟು ಆಗುತ್ತದೆ. ಮೆಟ್ಟಿಲು ಹತ್ತಿದರೆ ಇನ್ನೂ ಮೇಲೆ. ಪಳಗಿದ ಓಟಗಾರರು ಏದುಸಿರು ಬಿಡುವಾಗ ನೂರು ಲೀಟರನ್ನೂ ದಾಟುತ್ತಾರೆ. ಇಷ್ಟೂ ಗಾಳಿ ಮಾಸ್ಕಿನ ಬಟ್ಟೆಯ ಮೂಲಕವೇ ಬರಬೇಕು. ಬಟ್ಟೆಯಲ್ಲಿ ಹುಣಸೆ ರಸ ಸೋಸಿದವರಿಗೆ ಇದು ಗೊತ್ತು. ನಿಧಾನಕ್ಕೆ ಸುರಿದರೆ ಇಳಿಯುತ್ತದೆ, ಗಡಿಬಿಡಿಯಲ್ಲಿ ಸುರಿದರೆ ಮೇಲೆಯೇ ನಿಲ್ಲುತ್ತದೆ. ಕುಳಿತಾಗ ಗೊತ್ತೇ ಆಗದ ಮಾಸ್ಕ್ ಮೆಟ್ಟಿಲಿನ ಮೇಲೆ ಭಾರವಾಗುವುದು ಇದಕ್ಕೇ. ಬೆವರಿಗೂ ಬಿಸಿಯುಸಿರಿಗೂ ಅದು ಒದ್ದೆಯಾಯಿತೋ, ಗಾಳಿ ನುಸುಳುವುದು ಇನ್ನೂ ಕಷ್ಟ.

ಭಾರ ಎಷ್ಟು ಎಂದು ಅಳೆದವರಿದ್ದಾರೆ. 2020ರಲ್ಲಿ ಜರ್ಮನಿಯ ಲೈಪ್ಜಿಗ್‌ನಲ್ಲಿ 12 ಮಂದಿ ಆರೋಗ್ಯವಂತ ಗಂಡಸರನ್ನು ಸೈಕಲ್ ಯಂತ್ರದ ಮೇಲೆ ಕೂರಿಸಿ ಸುಸ್ತಾಗುವವರೆಗೂ ತುಳಿಸಿದರು. ನಮ್ಮ ಎನ್-95ಕ್ಕೆ ಸಮನಾದ ಮಾಸ್ಕ್ ಹಾಕಿದಾಗ ದೇಹ ಬಳಸಬಲ್ಲ ಆಮ್ಲಜನಕದ ಗರಿಷ್ಠ ಮಟ್ಟ ಸುಮಾರು 13 ಶೇಕಡ ಇಳಿಯಿತು. ಅದೇ ವರ್ಷ ಕೆನಡಾದ ಸಸ್ಕಾಚೆವಾನ್‌ನಲ್ಲಿ ಗಂಡಸರು ಹೆಂಗಸರು ಸೇರಿ 14 ಜನರಿಗೆ ಬಟ್ಟೆ ಮಾಸ್ಕ್ ಮತ್ತು ಸರ್ಜಿಕಲ್ ಮಾಸ್ಕ್ ಹಾಕಿಸಿ ಹಾಗೆಯೇ ತುಳಿಸಿದರು. ಅಲ್ಲಿ ತುಳಿತದಲ್ಲೂ ರಕ್ತದ ಆಮ್ಲಜನಕದಲ್ಲೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಎರಡನ್ನೂ ಓದಿದವರು ಆಗ ದೊಡ್ಡ ಜಗಳವನ್ನೇ ಮಾಡಿದರು. ನನಗೇನೋ ಜಗಳಕ್ಕೆ ಕಾರಣ ಕಾಣುವುದಿಲ್ಲ. ಒಂದು ಕಡೆ ಬಿಗಿ ಮಾಸ್ಕ್, ಇನ್ನೊಂದು ಕಡೆ ಸಡಿಲ ಮಾಸ್ಕ್. ಅದಕ್ಕಿಂತ ಮುಖ್ಯವಾಗಿ ಎರಡೂ ಕಡೆ ತುಳಿದವರು ಗಟ್ಟಿಮುಟ್ಟಾದವರು. ನಾವು ಮಾತನಾಡುತ್ತಿರುವುದು ಮೊನ್ನೆ ಮೊನ್ನೆ ಹಾಸಿಗೆಯಿಂದ ಎದ್ದವರ ಬಗ್ಗೆ.

ಶ್ವಾಸಕೋಶ ಕೆಟ್ಟವರ ಮೇಲೂ ಪರೀಕ್ಷೆ ನಡೆದಿದೆ. ಅಮೆರಿಕದ ಮಯಾಮಿಯಲ್ಲಿ ಸಿಒಪಿಡಿ, ಅಂದರೆ ಬೀಡಿ ಸಿಗರೇಟು ಹೊಗೆಯಿಂದ ಹೆಚ್ಚಾಗಿ ಬರುವ ಶ್ವಾಸಕೋಶದ ಕಾಯಿಲೆ, ತೀವ್ರವಾಗಿರುವ 15 ಮಂದಿ ಮಾಜಿ ಸೈನಿಕರನ್ನು ಸರ್ಜಿಕಲ್ ಮಾಸ್ಕ್ ಹಾಕಿಸಿ ಆರು ನಿಮಿಷ ನಡೆಸಿದರು. ಮಾಸ್ಕಿನ ದೆಸೆಯಿಂದ ಅವರ ರಕ್ತದಲ್ಲಿ ಕಾರ್ಬನ್ ಡೈ ಆಕ್ಸೈಡ್ ಏರಲೂ ಇಲ್ಲ, ಆಮ್ಲಜನಕ ಕುಸಿಯಲೂ ಇಲ್ಲ. ದಕ್ಷಿಣ ಕೊರಿಯಾದಲ್ಲಿ ಅದೇ ಕಾಯಿಲೆಯ 97 ಜನರಿಗೆ ಎನ್-95 ಹಾಕಿಸಿ, ಹತ್ತು ನಿಮಿಷ ಕೂರಿಸಿ, ಆರು ನಿಮಿಷ ನಡೆಸಲು ಹೊರಟರು. ಏಳು ಮಂದಿಗೆ ಪೂರ್ತಿ ಮಾಡಲು ಆಗಲಿಲ್ಲ. ಮೊದಲೇ ದಮ್ಮು ಹೆಚ್ಚಾಗಿದ್ದವರಿಗೇ ಸೋಲು ಹೆಚ್ಚು. ಮಾಸ್ಕ್ ಯಾವುದು, ಎದೆ ಯಾವ ಸ್ಥಿತಿಯಲ್ಲಿದೆ ಎನ್ನುವ ಎರಡನ್ನು ಬಿಟ್ಟು ಉತ್ತರ ಹುಡುಕಿದರೆ ಸಿಗುವುದಿಲ್ಲ.

ಈಗ ಎದೆಯ ಒಳಗೆ ಇಳಿಯೋಣ. ನಿಮ್ಮಲ್ಲಿ ಹೆಚ್ಚಿನವರ ಮನೆಯ ತಾರಸಿಯ ಮೇಲೆ ಸೋಲಾರ್ ಇದೆ. ಬೆಳಿಗ್ಗೆ ನಲ್ಲಿ ತಿರುಗಿಸಿದರೆ ಮೊದಲು ಏನು ಬರುತ್ತದೆ? ತಣ್ಣೀರು. ರಾತ್ರಿಯೆಲ್ಲ ಪೈಪಿನಲ್ಲಿ ನಿಂತ ನೀರು ಹೋದ ಮೇಲೆಯೇ ಬಿಸಿನೀರು. ಬಕೆಟ್ ತುಂಬುವವರಿಗೆ ಆ ಒಂದು ಚೊಂಬು ತಣ್ಣೀರು ಲೆಕ್ಕಕ್ಕಿಲ್ಲ. ಆದರೆ ಬಿಟ್ಟು ಬಿಟ್ಟು ಒಂದೊಂದೇ ಚೊಂಬು ಹಿಡಿಯುವವರಿಗೆ? ಪ್ರತಿ ಸಲವೂ ಪೈಪಿನ ತಣ್ಣೀರೇ ಗತಿ.

ಉಸಿರಿನಲ್ಲೂ ಇಂಥ ಪೈಪು ಇದೆ. ಮೂಗಿನಿಂದ ಹಿಡಿದು ಶ್ವಾಸಕೋಶದ ಸಣ್ಣ ಕವಲುಗಳವರೆಗಿನ ದಾರಿಯಲ್ಲಿ ಸುಮಾರು 150 ಮಿಲಿಲೀಟರ್ ಗಾಳಿ ನಿಂತಿರುತ್ತದೆ. ಬಿಟ್ಟ ಉಸಿರಿನ ಕೊನೆಯ ಪಾಲು ಅದು, ಮುಂದಿನ ಉಸಿರಿನ ಜೊತೆ ಮೊದಲು ಒಳಗೆ ಹೋಗುವುದೂ ಅದೇ. ಮಾಸ್ಕ್ ಈ ಪೈಪನ್ನು ಇನ್ನಷ್ಟು ಉದ್ದ ಮಾಡುತ್ತದೆ. ಈಗ ಮಾಸ್ಕನ್ನು ಪಕ್ಕಕ್ಕಿಟ್ಟೇ ಲೆಕ್ಕ ಹಾಕಿ. ಒಬ್ಬರು ನಿಮಿಷಕ್ಕೆ 15 ಸಲ, ಸಲಕ್ಕೆ 600 ಮಿಲಿಲೀಟರ್ ಉಸಿರಾಡುತ್ತಾರೆ. ಇನ್ನೊಬ್ಬರು 30 ಸಲ, ಸಲಕ್ಕೆ 300. ಇಬ್ಬರದೂ ಒಟ್ಟು ಒಂಬತ್ತು ಲೀಟರ್. ಆದರೆ ಪೈಪಿನ ಪಾಲು ಕಳೆದ ಮೇಲೆ ಮೊದಲನೆಯವರಿಗೆ ಕೆಲಸಕ್ಕೆ ಬರುವ ಗಾಳಿ ಆರು ಮುಕ್ಕಾಲು ಲೀಟರ್, ಎರಡನೆಯವರಿಗೆ ನಾಲ್ಕೂವರೆ. ನ್ಯುಮೋನಿಯಾದಿಂದ ಎದ್ದವರು ಉಸಿರಾಡುವುದು ಎರಡನೆಯವರ ಹಾಗೆ, ಮೇಲೆ ಮೇಲೆ, ಬೇಗ ಬೇಗ. ಆಳವಾಗಿ ಎಳೆದರೆ ಕೆಮ್ಮು ಬರುತ್ತದೆಂದು ದೇಹವೇ ಹೆದರಿ ಹಾಗೆ ಮಾಡುತ್ತದೆ. ಗಟ್ಟಿಯಾದ ಓಟಗಾರ ಸಲಕ್ಕೆ ಎರಡು ಲೀಟರ್ ಎಳೆಯುವಾಗ ಮಾಸ್ಕಿನೊಳಗಿನ ಹಳೆಯ ಗಾಳಿ ಅವನಿಗೆ ಬಕೆಟಿನಲ್ಲಿ ಚೊಂಬು. ನಮಗೆ ಅದು ಚೊಂಬಿನಲ್ಲಿ ಲೋಟ.

ಆದ್ದರಿಂದ ನನ್ನ ಬಳಿ ಬಂದವರಿಗೆ ನಾನು ಮೊದಲ ವಾರ ನಡಿಗೆಯನ್ನೇ ಹೇಳುವುದಿಲ್ಲ. ಉಸಿರು ಬಿಡುವುದನ್ನು ಹೇಳಿಕೊಡುತ್ತೇನೆ. ಮೂಗಿನಿಂದ ಎಳೆದು, ತುಟಿ ಕೂಡಿಸಿ, ಎಳೆದದ್ದಕ್ಕಿಂತ ಎರಡು ಪಟ್ಟು ಹೊತ್ತು ಮೆಲ್ಲಗೆ ಬಿಡುವುದು. ಸೌದೆ ಒಲೆಯ ಮುಂದೆ ಊದುಗೊಳವೆ ಹಿಡಿದವರಿಗೆ ತುಟಿಯ ಆ ಆಕಾರವನ್ನು ಹೇಳಿಕೊಡಬೇಕಾಗಿಲ್ಲ. ಜೋರಾಗಿ ಮಾತ್ರ ಊದಬಾರದು, ಬಿಸಿ ಕಾಫಿಯನ್ನು ಆರಿಸುವಷ್ಟೇ ಸಾಕು.

ಆ ಹರಕೆಯ ತಾಯಿ ಹೇಳಿದ "ಮುಖಕ್ಕೆ ಗಾಳಿ" ಎಂಬ ಮಾತಿಗೆ ಬರುತ್ತೇನೆ. ನಮ್ಮ ಕೆನ್ನೆ, ಮೂಗು, ತುಟಿಯ ಸುತ್ತಲಿನ ಚರ್ಮದಲ್ಲಿ ತಂಪನ್ನು ಗುರುತಿಸುವ ನರಗಳಿವೆ. ಅಲ್ಲಿ ತಂಗಾಳಿ ತಾಕಿದರೆ ಮಿದುಳಿಗೆ ಉಸಿರಿನ ಕಷ್ಟ ಕಡಿಮೆಯಾದಂತೆ ಅನಿಸುತ್ತದೆ. ದಮ್ಮು ಕಟ್ಟಿದ ರೋಗಿಗಳ ಮುಖದ ಮುಂದೆ ಸಣ್ಣ ಫ್ಯಾನ್ ಹಿಡಿದರೆ ಆರಾಮವಾಗುವುದನ್ನು ವೈದ್ಯರು ಪರೀಕ್ಷೆ ಮಾಡಿಯೇ ಒಪ್ಪಿದ್ದಾರೆ. ನಮ್ಮಜ್ಜಿ ಉಬ್ಬಸ ಬಂದ ತಾತನ ಪಕ್ಕದಲ್ಲಿ ಕುಳಿತು ರಾತ್ರಿಯಿಡೀ ಬೀಸಣಿಗೆ ಬೀಸುತ್ತಿದ್ದದ್ದು ನನಗೆ ನೆನಪಿದೆ. ನಾನು ಓದು ಮುಗಿಸಿ ಬಂದ ಹೊಸದರಲ್ಲಿ, ಬೀಸಣಿಗೆಯಿಂದ ಎಲ್ಲಿಯ ಆಮ್ಲಜನಕ ಎಂದು ನಕ್ಕಿದ್ದೆ. ಈಗ ನನ್ನ ರೋಗಿಗಳಿಗೆ ನಾನೇ ಬೀಸಣಿಗೆ ತರಲು ಹೇಳುತ್ತೇನೆ. ಮಾಸ್ಕ್ ಮಾಡುವುದು ಇದರ ಉಲ್ಟಾ ಕೆಲಸ. ಮುಖದ ಆ ಭಾಗವನ್ನೇ ಬಿಸಿಯಾಗಿ, ಒದ್ದೆಯಾಗಿ ಇಡುತ್ತದೆ. ಆಕ್ಸಿಮೀಟರ್ 94 ತೋರಿಸುತ್ತಿದ್ದರೂ ನನಗೆ ಉಸಿರು ಕಟ್ಟಿದ್ದಕ್ಕೆ ಅರ್ಧ ಉತ್ತರ ಅಲ್ಲಿದೆ. ಇನ್ನರ್ಧ ಉತ್ತರ ಆ 152 ಎಂಬ ನಾಡಿ. ಮೂರು ವಾರ ಮಲಗಿದ್ದ ಹೃದಯವನ್ನು ನೂರು ಮೆಟ್ಟಿಲು ಓಡಿಸಿದವಳು ನಾನೇ. ಅದನ್ನು ಮಾಸ್ಕಿನ ತಲೆಗೆ ಕಟ್ಟುವಂತಿಲ್ಲ.

ಹಾಗಾದರೆ ಬಿಸಾಡಿಬಿಡೋಣವೇ ಎಂದು ಮುಂದಿನ ಸಾಲಿನಲ್ಲಿ ಒಬ್ಬರು ಕೇಳುತ್ತಿದ್ದಾರೆ. ತಾಳಿ. ಇಲ್ಲಿಯವರೆಗೆ ಹಾಕಿಕೊಂಡವರ ಪಾಡು ಹೇಳಿದೆ. ಪಕ್ಕದಲ್ಲಿ ನಿಂತವರ ಪಾಡೂ ಇದೆ.

ಜರ್ಮನಿಯ ಮ್ಯೂನಿಕ್‌ನಲ್ಲಿ ವ್ಯಾಯಾಮ ಮಾಡುವವರ ಉಸಿರಿನಲ್ಲಿ ಹೊರಬರುವ ಸೂಕ್ಷ್ಮ ಹನಿಗಳನ್ನು ಎಣಿಸಿ 2022ರಲ್ಲಿ ಪ್ರಕಟಿಸಿದರು. ಸುಮ್ಮನಿರುವಾಗಿನದಕ್ಕಿಂತ ತೀರಾ ಏದುಸಿರು ಬಿಡುವಾಗ ಸಂಖ್ಯೆ ನೂರು ಪಟ್ಟಿಗೂ ಮಿಕ್ಕಿತ್ತು. ಅದರ ಪರಿಣಾಮ ಏನಾಗಬಹುದೆಂಬುದನ್ನು 2020ರ ಆರಂಭದಲ್ಲೇ ದಕ್ಷಿಣ ಕೊರಿಯಾದ ಚೆಯೊನಾನ್ ಊರು ಕಂಡಿತ್ತು. ಅಲ್ಲಿ ನೃತ್ಯ ವ್ಯಾಯಾಮದ ತರಗತಿಗಳಿಂದ 12 ಕೇಂದ್ರಗಳಿಗೆ ಕೋವಿಡ್ ಹಬ್ಬಿ, 24 ದಿನದೊಳಗೆ 112 ಜನ ಸೋಂಕಿತರಾದರು. ತರಗತಿಯ ಕೋಣೆ ಸುಮಾರು 60 ಚದರ ಮೀಟರ್, ಒಳಗೆ ಇಪ್ಪತ್ತೆರಡರವರೆಗೂ ಜನ, ಜೋರು ಸಂಗೀತ, ಜೋರು ಉಸಿರು. ನನ್ನ ಗಮನ ಸೆಳೆದದ್ದು ಅದೇ ವರದಿಯ ಇನ್ನೊಂದು ಸಣ್ಣ ಸಂಗತಿ. ಸೋಂಕು ತಗುಲಿದ್ದ ಒಬ್ಬ ಶಿಕ್ಷಕಿ ಏಳೆಂಟು ಜನರಿಗೆ ಯೋಗ, ಪಿಲಾಟಿಸ್ ಕೂಡ ಹೇಳಿಕೊಡುತ್ತಿದ್ದರು. ಆ ವಿದ್ಯಾರ್ಥಿಗಳಲ್ಲಿ ಯಾರಿಗೂ ಸೋಂಕು ಬರಲಿಲ್ಲ. ಜನ ಕಡಿಮೆ, ಉಸಿರಿನ ರಭಸವೂ ಕಡಿಮೆ.

ಇದರಿಂದ ನಾನು ಕಟ್ಟಿಕೊಂಡ ನಿಯಮ ಬಹಳ ಸರಳ. ಇನ್ನೊಬ್ಬರಿಗೆ ಅಂಟುತ್ತದೆಂಬ ಹೆದರಿಕೆಯಿಂದ ಮಾಸ್ಕ್ ಹಾಕಬೇಕಾದ ಸ್ಥಿತಿಯಲ್ಲಿ ನೀವಿದ್ದರೆ, ಏದುಸಿರು ಬರುವ ವ್ಯಾಯಾಮಕ್ಕೆ ನಿಮ್ಮ ದೇಹ ಇನ್ನೂ ಸಿದ್ಧವಾಗಿಲ್ಲ. ಸಿದ್ಧವಾದ ದಿನ, ಬಯಲಿನಲ್ಲಿ ನಡೆಯುವವರಿಗೆ ಮಾಸ್ಕಿನ ಅಗತ್ಯ ಬಹುಪಾಲು ಮುಗಿದಿರುತ್ತದೆ. ಎರಡೂ ಒಟ್ಟಿಗೆ ಬೇಕೆನಿಸಿದರೆ ಎಲ್ಲೋ ಅವಸರವಾಗುತ್ತಿದೆ. ವಿಶ್ವ ಆರೋಗ್ಯ ಸಂಸ್ಥೆ 2020ರ ಜೂನ್‌ನಲ್ಲೇ ವ್ಯಾಯಾಮ ಮಾಡುವಾಗ ಮಾಸ್ಕ್ ಬೇಡ, ಅಂತರ ಇರಲಿ ಎಂದಿತ್ತು. ಅದೇ ವರ್ಷ ಆಗಸ್ಟ್‌ನಲ್ಲಿ ನಮ್ಮ ಜಿಮ್‌ಗಳು ಬಾಗಿಲು ತೆರೆದಾಗ ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿಯೂ, ವ್ಯಾಯಾಮದ ಹೊತ್ತಿನಲ್ಲಿ ಮಾಸ್ಕ್, ಅದರಲ್ಲೂ ಎನ್-95, ಉಸಿರಾಟಕ್ಕೆ ತೊಂದರೆ ಕೊಡಬಹುದು ಎಂದು ಬರೆದಿತ್ತು. ಆ ಸಾಲನ್ನು ಓದಿದವರು ಎಷ್ಟು ಮಂದಿಯೋ. ಗಲ್ಲಕ್ಕೆ ಇಳಿಸಿಕೊಂಡು ಓಡುವುದು ಎಂಬ ನಡುದಾರಿಯನ್ನು ನಾವೇ ಕಂಡುಹಿಡಿದೆವು. ಅದು ಯಾವ ಕೆಲಸಕ್ಕೂ ಬಾರದು, ಗಡ್ಡದ ಬೆವರು ಒರೆಸುವುದನ್ನು ಬಿಟ್ಟರೆ.

ಎಂದು ಶುರುಮಾಡಬೇಕು? ಜ್ವರ ಇರುವಾಗ, ಮೈಕೈ ನೋವು ಇರುವಾಗ, ಎದೆಯಲ್ಲಿ ಕಫ ಗೊರಗುಟ್ಟುವಾಗ ಖಂಡಿತ ಬೇಡ. ಕೆಲವು ವೈರಸ್ಸುಗಳು ಹೃದಯದ ಸ್ನಾಯುವಿಗೂ ಊತ ತರುತ್ತವೆ. ಆ ಹೊತ್ತಿನಲ್ಲಿ ಓಡಿದರೆ ಹೃದಯದ ಲಯವೇ ತಪ್ಪುವ ಅಪಾಯವಿದೆ. ಬರೀ ಮೂಗು ಸೋರುವ ನೆಗಡಿಯಾದರೆ ಮೆಲ್ಲಗೆ ನಡೆಯಲು ಅಡ್ಡಿಯಿಲ್ಲ. ಕೋವಿಡ್ ಆದವರಿಗೆ ಬ್ರಿಟನ್ನಿನ ವೈದ್ಯರು 2021ರಲ್ಲಿ ಕೊಟ್ಟ ಸಲಹೆ, ಲಕ್ಷಣಗಳೆಲ್ಲ ಹೋಗಿ ಕನಿಷ್ಠ ಏಳು ದಿನ ಕಾಯಿರಿ, ಆಮೇಲೂ ಮೊದಲ ಎರಡು ವಾರ ತೀರಾ ಹಗುರವಾಗಿ ಇರಲಿ ಎಂದು. ಒಣಕೆಮ್ಮು ಮಾತ್ರ ವಾರಗಟ್ಟಲೆ ಉಳಿಯಬಹುದು. 2023ರ ಮಾರ್ಚ್‌ನಲ್ಲಿ ಎಚ್3ಎನ್2 ಫ್ಲೂ ಬಂದಾಗ ನಿಮ್ಮಲ್ಲಿ ಎಷ್ಟೋ ಜನ ಮೂರು ವಾರ ಕೆಮ್ಮಿದ್ದು ನೆನಪಿರಬೇಕು. ಆ ಕೆಮ್ಮು ಪೂರ್ತಿ ನಿಲ್ಲಲಿ ಎಂದು ಕಾಯುತ್ತ ಕುಳಿತರೆ ಕಾಲಿನ ಶಕ್ತಿ ಕರಗಿಹೋಗುತ್ತದೆ.

ಎಷ್ಟು ಜೋರಾಗಿ ನಡೆಯಬೇಕು ಎಂಬುದಕ್ಕೆ ಗಡಿಯಾರ ಬೇಡ, ಮಗ್ಗಿ ಸಾಕು. ನಡೆಯುತ್ತ ಹದಿಮೂರರ ಮಗ್ಗಿ ಹೇಳಿ. ಒಂದು ಸಾಲಿಗೆ ಒಂದು ಉಸಿರು ಸಾಲಬೇಕು. ಸಾಲಿನ ನಡುವೆ ಉಸಿರೆಳೆಯಬೇಕಾಗಿ ಬಂದರೆ ನಿಧಾನಿಸಿ. (ಹದಿಮೂರರ ಮಗ್ಗಿ ಕುಳಿತರೂ ಬರುವುದಿಲ್ಲ ಎಂದು ಹಿಂದಿನಿಂದ ಯಾರೋ ಹೇಳಿದರು. ಅವರು ಎರಡರ ಮಗ್ಗಿ ಹೇಳಬಹುದು.) ಜೇಬಿನಲ್ಲಿ ಆಕ್ಸಿಮೀಟರ್ ಇದ್ದರೆ, ನಡೆಯುವ ಮೊದಲಿನ ಅಂಕಿಗಿಂತ ನಾಲ್ಕು ಇಳಿದರೆ ಅಥವಾ 90ಕ್ಕಿಂತ ಕೆಳಗೆ ಹೋದರೆ ಕುಳಿತುಕೊಳ್ಳಿ, ವೈದ್ಯರಿಗೆ ಹೇಳಿ. ಉಗುರುಬಣ್ಣ ಹಚ್ಚಿದ ಬೆರಳಿಗೆ ಮಾತ್ರ ಹಾಕಬೇಡಿ. ಎದೆನೋವು, ಎದೆಬಡಿತ, ತಲೆಸುತ್ತು ಬಂದರೆ ಅಂಕಿ ನೋಡುತ್ತ ಕೂರಬೇಡಿ, ವ್ಯಾಯಾಮ ಅಲ್ಲಿಗೇ ಮುಗಿಯಿತು. ಮಾರನೆಯ ದಿನ ಹಾಸಿಗೆ ಬಿಟ್ಟು ಏಳಲಾಗದಷ್ಟು ಸುಸ್ತಾದರೆ ನಿನ್ನೆಯದು ಹೆಚ್ಚಾಯಿತು ಎಂದೇ ಲೆಕ್ಕ. ಅರ್ಧಕ್ಕೆ ಇಳಿಸಿ.

ಮಾಸ್ಕ್ ಹಾಕಿಕೊಂಡೇ ಅಭ್ಯಾಸ ಮಾಡಬೇಕಾದವರೂ ಇದ್ದಾರೆ. ಆಸ್ಪತ್ರೆಯ ವ್ಯಾಯಾಮದ ಕೋಣೆಯಲ್ಲಿ ನಾಲ್ಕಾರು ರೋಗಿಗಳ ಜೊತೆ ನಡೆಯುವವರು, ಸರ್ಜಿಕಲ್ ಮಾಸ್ಕ್ ಹಾಕಿ, ವೇಗ ತಗ್ಗಿಸಿ, ಒದ್ದೆಯಾದ ಕೂಡಲೇ ಬದಲಾಯಿಸಬೇಕು. ಕ್ಷಯಕ್ಕೆ ಔಷಧ ಶುರುಮಾಡಿದವರು ಮನೆಯೊಳಗೆ, ಬಸ್ಸಿನಲ್ಲಿ ಹಾಕಲೇಬೇಕು. ತೆಗೆಯುವುದು ಎಂದು ಎನ್ನುವುದನ್ನು ವೈದ್ಯರೇ ಹೇಳಬೇಕು. ಅವರು ಬೆಳಗಿನ ಬಯಲಿನಲ್ಲಿ ಒಬ್ಬರೇ ನಡೆಯುವುದಕ್ಕೆ ನನ್ನ ತಕರಾರಿಲ್ಲ. ಅಸ್ತಮಾ ಇರುವವರ ಕತೆ ಸ್ವಲ್ಪ ತಮಾಷೆಯಾಗಿದೆ. ತಣ್ಣನೆಯ ಒಣಗಾಳಿ ಅವರ ಶ್ವಾಸನಾಳವನ್ನು ಬಿಗಿಸುತ್ತದೆ. ಡಿಸೆಂಬರ್ ಬೆಳಗಿನ ಚಳಿಯಲ್ಲಿ ಸಡಿಲವಾದ ಬಟ್ಟೆ ಮಾಸ್ಕ್ ಬಿಟ್ಟ ಉಸಿರಿನ ಬಿಸಿ, ತೇವವನ್ನು ಹಿಡಿದಿಟ್ಟು ಮುಂದಿನ ಉಸಿರಿಗೆ ಕೊಡುತ್ತದೆ. ಇತರರಿಗೆ ಉಪದ್ರವವಾದ ಅದೇ ಗುಣ ಅವರಿಗೆ ಉಪಕಾರ. ಮಫ್ಲರ್ ಸುತ್ತಿಕೊಂಡು ಹೊರಡುತ್ತಿದ್ದ ಹಿರಿಯರು ಇದನ್ನು ಓದಿ ತಿಳಿದವರಲ್ಲ.

ಇನ್ನು ಕಪ್ಪು ರಬ್ಬರಿನ ಕವಾಟದ ಮಾಸ್ಕ್ ಹಾಕಿ ಮೆಟ್ಟಿಲು ಓಡುವ ಹುಡುಗರು. ಹಿಮಾಲಯದಲ್ಲಿ ತರಬೇತಿ ಪಡೆದಂತೆ ಆಗುತ್ತದೆಂದು ಅವರಿಗೆ ಯಾರೋ ಹೇಳಿದ್ದಾರೆ. ಎತ್ತರದಲ್ಲಿ ಗಾಳಿಯ ಒತ್ತಡವೇ ಕಡಿಮೆ, ಅದಕ್ಕೆ ರಕ್ತ ಬದಲಾಗುತ್ತದೆ. ಇಲ್ಲಿ ಗಾಳಿ ಅದೇ ಮೈಸೂರಿನ ಗಾಳಿ, ಎಳೆಯುವ ಕಷ್ಟ ಮಾತ್ರ ಹೆಚ್ಚು. ಉಸಿರಿನ ಸ್ನಾಯುಗಳಿಗೆ ಒಂದಿಷ್ಟು ಕಸರತ್ತು ಆದೀತು. ಆರೋಗ್ಯವಂತರು ಏನಾದರೂ ಮಾಡಿಕೊಳ್ಳಲಿ, ಕಾಯಿಲೆಯಿಂದ ಎದ್ದವರು ಅದನ್ನು ಮುಟ್ಟಬೇಡಿ.

ಆ ಭಾನುವಾರ ನಾನು ಇನ್ನೂರರಿಂದಲೇ ಇಳಿದುಬಂದೆ. ಇಳಿಯುವಾಗ ತಿರುಗಿ ನೋಡಿದರೆ ಆ ಹರಕೆಯ ತಾಯಿ ಅದೇ ಬಗ್ಗುವುದು, ಏಳುವುದರಲ್ಲಿ ಸುಮಾರು ಮೇಲೆ ಹೋಗಿದ್ದರು. ಒಂದು ಮೆಟ್ಟಿಲಿನ ಶ್ರಮ, ಒಂದು ಗಳಿಗೆಯ ವಿರಾಮ. ನಾವು ರೋಗಿಗಳಿಗೆ ಚಾರ್ಟ್ ಹಾಕಿ ಕಲಿಸುವುದು ಇದನ್ನೇ. ನಾನೂ ಹಾಗೇ ಶುರುಮಾಡಿದೆ. ಅರಿಸಿನ ಕುಂಕುಮವಿಲ್ಲದೆ, ಹತ್ತು ಮೆಟ್ಟಿಲಿಗೆ ಹತ್ತು ಉಸಿರು ನಿಲ್ಲುವುದು ಎಂದು. ಮೊದಲ ವಾರ ಐವತ್ತು, ಆಮೇಲೆ ನೂರು. ನಂದಿಯವರೆಗೆ ಹೋಗಲು ಏಳು ವಾರ ಬೇಕಾಯಿತು, ದೇವಸ್ಥಾನಕ್ಕೆ ಇನ್ನೂ ಮೂರು. ಆ ದಿನ ಬಸ್ಸಿನಲ್ಲಿ ಬೆಟ್ಟದ ಪಾದದವರೆಗೆ ಮಾಸ್ಕ್ ಹಾಕಿಕೊಂಡು ಹೋದೆ, ಮೊದಲ ಮೆಟ್ಟಿಲಿನಲ್ಲಿ ಬಿಚ್ಚಿ ಕಾಗದದ ಲಕೋಟೆಯಲ್ಲಿಟ್ಟೆ. ಮೇಲೆ ದರ್ಶನದ ಸಾಲು ಉದ್ದವಿತ್ತು, ಮುಂದೆ ನಿಂತಿದ್ದವರ ಹೆಗಲ ಮೇಲೆ ಒಂದು ಹಸುಗೂಸು ನಿದ್ದೆ ಮಾಡುತ್ತಿತ್ತು. ಉಸಿರು ಹದಕ್ಕೆ ಬರುವವರೆಗೆ ಹೊರಗೇ ನಿಂತಿದ್ದು, ಮತ್ತೆ ಹಾಕಿಕೊಂಡು ಸಾಲಿಗೆ ಸೇರಿದೆ.